ಅಡಿಬರಹ ಬೇಡುವ ಮಾತು

ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಹಲವರು ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿಗಳನ್ನು ನೋಡುತ್ತಾರೆಂಬುದು ವಿಭಾಗದಲ್ಲಿ ಗುಟ್ಟಾಗಿ ಉಳಿದಿಲ್ಲ. ಹಿರಿಯರಲ್ಲಿ ಕೆಲವರು ಇದನ್ನು ಕಾಲಹರಣವೆಂದು ಕರೆಯುತ್ತಾರೆ. ನಾನು ಹಾಗೆ ಕರೆಯಲಾರೆ. ಆದರೆ ಏನು ನೋಡುತ್ತೀರಿ ಎಂದು ಕೇಳಿದರೆ ನಟನಟಿಯರ ಹೆಸರುಗಳು ಸಾಲುಗಟ್ಟಿ ಬರುತ್ತವೆ, ಬರೆದವರು ಯಾರು ಎಂದರೆ ಮೌನ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮೌನ ಒಪ್ಪುವಂಥದ್ದಲ್ಲ. ನಮ್ಮ ದೈನಿಕ ಧಾರಾವಾಹಿಗಳಲ್ಲಿ ಕಥೆ ಒಬ್ಬರದು, ಸಂಭಾಷಣೆ ಮತ್ತೊಬ್ಬರದು. ಕಥೆ ಎಲ್ಲಿ ಮುಗಿಯಬೇಕೆಂಬುದನ್ನು ನಿರ್ಧರಿಸುವುದು ವೀಕ್ಷಕರ ಸಂಖ್ಯೆ. ಕೊರಿಯದಲ್ಲಿ ಸಾಮಾನ್ಯವಾಗಿ ಹದಿನಾರೋ ಇಪ್ಪತ್ತೋ ಕಂತುಗಳು, ಅನೇಕ ಸಲ ಒಬ್ಬರದೇ ಲೇಖನಿ. ಅಲ್ಲಿ ಧಾರಾವಾಹಿಯೆಂಬುದು ಬಹುಮಟ್ಟಿಗೆ ಬರಹಗಾರರ ಕೃತಿ.

ಆ ಲೇಖನಿಗಳಲ್ಲಿ ನನಗೆ ಮುಖ್ಯವೆನಿಸುವುದು ನೋ ಹೀಕ್ಯೊಂಗ್ ಅವರದು. 1966ರಲ್ಲಿ ಹುಟ್ಟಿದ ಈಕೆ 1990ರ ದಶಕದ ನಡುವಿನಿಂದ ಕಿರುತೆರೆಗೆ ಬರೆಯುತ್ತ ಬಂದಿದ್ದಾರೆ. 2016ರ ‘ಡಿಯರ್ ಮೈ ಫ್ರೆಂಡ್ಸ್’ನಲ್ಲಿ ಮುಪ್ಪಿನ ಗೆಳತಿಯರ ಗುಂಪನ್ನೇ ನಾಯಕಸ್ಥಾನದಲ್ಲಿ ಕೂರಿಸಿದರು. 2022ರಲ್ಲಿ ಟಿವಿಎನ್ ವಾಹಿನಿಯಲ್ಲಿ 20 ಕಂತುಗಳಾಗಿ ಪ್ರಸಾರವಾಗಿ, ನೆಟ್‌ಫ್ಲಿಕ್ಸ್ ಮೂಲಕ ನಮ್ಮವರೆಗೂ ಬಂದ ‘ಅವರ್ ಬ್ಲೂಸ್’ ಅದಕ್ಕಿಂತಲೂ ಮುಂದಿನ ಹೆಜ್ಜೆಯೆಂದು ನನ್ನ ಎಣಿಕೆ.

ಕಥೆ ನಡೆಯುವುದು ಕೊರಿಯದ ದಕ್ಷಿಣದ ಕಡಲಿನಲ್ಲಿರುವ ಜೇಜು ದ್ವೀಪದಲ್ಲಿ. ಮೀನು ಮಾರುವವಳು, ಮಂಜುಗಡ್ಡೆ ಮಾರುವವನು, ಊರೂರಿಗೆ ಗಾಡಿ ಕಟ್ಟಿಕೊಂಡು ಸಾಮಾನು ಮಾರುವವನು, ಉಸಿರು ಬಿಗಿಹಿಡಿದು ಕಡಲಾಳಕ್ಕಿಳಿದು ಚಿಪ್ಪುಜೀವಿಗಳನ್ನು ಹೆಕ್ಕಿ ತರುವ ‘ಹೆನ್ಯೊ’ ಹೆಂಗಸರು. ಇವರಲ್ಲಿ ನಾಯಕನಿಲ್ಲ, ನಾಯಕಿಯಿಲ್ಲ. ಒಬ್ಬರ ಕಥೆಯಲ್ಲಿ ನಡುಮನೆಯಲ್ಲಿ ಕುಳಿತವರು ಮತ್ತೊಬ್ಬರ ಕಥೆಯಲ್ಲಿ ಹೊಸ್ತಿಲಾಚೆ ಹಾದುಹೋಗುತ್ತಾರೆ. ಲೀ ಬ್ಯುಂಗ್‌ಹನ್ ಅವರಂಥ ದೊಡ್ಡ ತಾರೆಯೂ ಎಷ್ಟೋ ಕಡೆ ಸಂತೆಯ ಗದ್ದಲದಲ್ಲಿ ಒಬ್ಬನಾಗಿ ನಿಲ್ಲುತ್ತಾರೆ.

ಇದೆಲ್ಲಕ್ಕಿಂತ ದಿಟ್ಟ ನಿರ್ಧಾರ ಭಾಷೆಯದು. ಜೇಜುವಿನ ನುಡಿ ಮುಖ್ಯಭೂಮಿಯ ಕೊರಿಯನ್ನರಿಗೆ ಸುಲಭವಾಗಿ ತಿಳಿಯದು. ಅದನ್ನು ಉಪಭಾಷೆಯೆನ್ನಬೇಕೋ ಪ್ರತ್ಯೇಕ ಭಾಷೆಯೆನ್ನಬೇಕೋ ಎಂಬ ವಾದ ಇನ್ನೂ ಇದೆ. 2010ರಲ್ಲಿ ಯುನೆಸ್ಕೋ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿತು. ಇಂಥ ನುಡಿಯನ್ನು ದ್ವೀಪದ ಹಿರಿಯ ಪಾತ್ರಗಳ ಬಾಯಲ್ಲಿ ದಟ್ಟವಾಗಿಯೇ ಇಡಲಾಯಿತು. ಪರಿಣಾಮವಾಗಿ, ಕೊರಿಯದ ಧಾರಾವಾಹಿಗೆ ಕೊರಿಯದಲ್ಲೇ ಕೊರಿಯನ್ ಅಡಿಬರಹ ಹಾಕಬೇಕಾಯಿತು! ಜನಪ್ರಿಯ ಮಾಧ್ಯಮವೊಂದು ತನ್ನ ವೀಕ್ಷಕನಿಗೆ ಇಷ್ಟು ಶ್ರಮ ಕೊಡುವುದು ವಿರಳ. ಜೇಜುವಿನಲ್ಲೇ ಹುಟ್ಟಿದ ನಟಿ ಗೋ ದುಶಿಮ್ ಆ ಮಾತುಗಳನ್ನಾಡುವಾಗ, ಅರ್ಥವಾಗದ ನಮಗೂ ಅದು ಕಲಿತ ಮಾತಲ್ಲ, ಮನೆಯ ಮಾತು ಎಂಬುದು ಕಿವಿಗೆ ತಿಳಿಯುತ್ತದೆ.

ಒಂದು ಪದವನ್ನು ಗಮನಿಸಿ. ಸಂತೆಯ ಎಳೆಯರೆಲ್ಲ ವೃದ್ಧೆಯರನ್ನು ‘ಸಮ್‌ಚುನ್’ ಎಂದು ಕೂಗುತ್ತಾರೆ. ಇದಕ್ಕೆ ಸಮನಾದ ಶಿಷ್ಟ ಕೊರಿಯನ್ ಪದಕ್ಕೆ ಚಿಕ್ಕಪ್ಪ, ಮಾವ ಎಂಬರ್ಥ; ಜೇಜುವಿನಲ್ಲಿ ಅದು ಗಂಡು ಹೆಣ್ಣೆನ್ನದೆ, ರಕ್ತಸಂಬಂಧವನ್ನೂ ನೋಡದೆ, ಊರಿನ ಯಾವ ಹಿರಿಯರಿಗೂ ಸಲ್ಲುತ್ತದೆ. ಒಂದು ಸಮಾಜ ತನ್ನನ್ನು ಹೇಗೆ ಹೆಣೆದುಕೊಂಡಿದೆ ಎಂಬುದು ಆ ಒಂದೇ ಸಂಬೋಧನೆಯಲ್ಲಿದೆ. ನಾವು ನೋಡುವುದು ಇಂಗ್ಲಿಷ್ ಅಡಿಬರಹದ ಮೂಲಕ. ಅಲ್ಲಿ ಸಿಯೋಲಿನ ನುಡಿಯೂ ಜೇಜುವಿನ ನುಡಿಯೂ ಒಂದೇ ಸಪಾಟು ಇಂಗ್ಲಿಷಾಗಿ ಇಳಿಯುತ್ತವೆ. ಆದ್ದರಿಂದ ಕಣ್ಣನ್ನು ಅಡಿಬರಹಕ್ಕೂ ಕಿವಿಯನ್ನು ಪಾತ್ರಕ್ಕೂ ಕೊಟ್ಟು ನೋಡಬೇಕೆಂದು ನನ್ನ ಸೂಚನೆ.

ಇನ್ನೊಂದು ಪದ ‘ಅಮ್ಮ’. ಜೇಜುವಿನಲ್ಲಿ ತಾಯಿಗೆ ‘ಒಮೊಂಗ್’ ಎನ್ನುತ್ತಾರೆ. ಕೊನೆಯ ಕಂತುಗಳ ಕಥೆಯೆಲ್ಲ ಈ ಪದವನ್ನು ಕಸಿದುಕೊಂಡದ್ದರಿಂದ ಹುಟ್ಟಿದ್ದು. ಗಂಡನನ್ನೂ ಮಗಳನ್ನೂ ಕಡಲಿಗೆ ಕೊಟ್ಟ ಓಕ್‌ಡೋಂಗ್, ಗಂಡನ ಗೆಳೆಯನ ಮನೆಗೆ ಎರಡನೆಯ ಹೆಂಗಸಾಗಿ ಹೋಗುತ್ತಾಳೆ. ಇನ್ನು ಮುಂದೆ ತನ್ನನ್ನು ಚಿಕ್ಕಮ್ಮನೆಂದು ಕರೆಯಬೇಕೆಂದು ಹೆತ್ತ ಮಗ ದೋಂಗ್‌ಸೊಕ್‌ನಿಗೆ ಕಟ್ಟುಮಾಡುತ್ತಾಳೆ. ಆ ಮನೆಯ ಮಕ್ಕಳಿಂದ ಏಟು ತಿಂದು ಬೆಳೆದ ಹುಡುಗ ನಡುವಯಸ್ಸಿನವನಾದರೂ ತಾಯಿಯ ಮುಖ ನೋಡಲಾರ. ಅವಳಿಗೆ ವಾಸಿಯಾಗದ ಕ್ಯಾನ್ಸರ್ ಎಂದು ತಿಳಿದ ಮೇಲೆ ಇಬ್ಬರೂ ಕೆಲವು ದಿನ ಜೊತೆಯಾಗಿ ತಿರುಗುತ್ತಾರೆ. ಬೇರೆ ಬರಹಗಾರರಾಗಿದ್ದರೆ ಇಲ್ಲಿ ತಾಯಿಯ ಬಾಯಲ್ಲಿ ಕ್ಷಮಾಯಾಚನೆಯ ದೊಡ್ಡ ಮಾತುಗಳನ್ನು ಹಾಕುತ್ತಿದ್ದರು. ನೋ ಹಾಕುವುದಿಲ್ಲ. ಮಗ ನೇರವಾಗಿಯೇ ಕೇಳುತ್ತಾನೆ, ಅವಳು ತನ್ನನ್ನೇ ಹುಚ್ಚಿಯೆಂದು ಬೈದುಕೊಳ್ಳುತ್ತಾಳೆ, ಅಷ್ಟೆ. ಹಿಮ ಬಿದ್ದ ಹಲ್ಲಾ ಪರ್ವತವನ್ನು ಅವಳು ಏರಲಾರದೆ ನಿಂತಾಗ ಮಗ ಮುಂದಕ್ಕೆ ಹತ್ತಿ, ಫೋನಿನಲ್ಲಿ ಚಿತ್ರೀಕರಿಸಿ ತಂದು ತೋರಿಸುತ್ತಾನೆ. ಒಂದು ಬೆಳಗಿನ ಜಾವ ಅವಳು ಅವನಿಗಾಗಿ ಸಾರು ಮಾಡಿಟ್ಟು ಮಲಗುತ್ತಾಳೆ, ಏಳುವುದಿಲ್ಲ. ಎಂಬತ್ತರ ಅಂಚಿನ ಕಿಮ್ ಹೇಜಾ ಅವರ ಅಭಿನಯವನ್ನು ವರ್ಣಿಸುವ ಸಾಹಸಕ್ಕೆ ನಾನಿಳಿಯುವುದಿಲ್ಲ.

ತನ್ನದೇ ದನಿಯಲ್ಲಿ ಮಾತಾಡುವ ಹಕ್ಕನ್ನು ಈ ಬರಹಗಾರ್ತಿ ಮಾತಿಲ್ಲದವರಿಗೂ ವಿಸ್ತರಿಸಿದ್ದಾರೆ. ಸಂತೆಯಲ್ಲಿ ಕಾಫಿ ಮಾರುವ ಕಿವುಡ ಹುಡುಗಿಯ ಪಾತ್ರ ಕಿವುಡ ನಟಿ ಲೀ ಸೊಬ್ಯುಲ್ ಅವರದು. ಡೌನ್ ಸಿಂಡ್ರೋಮ್ ಇರುವ ಅಕ್ಕನ ಪಾತ್ರ, ಸ್ವತಃ ಅದೇ ಸ್ಥಿತಿಯಲ್ಲಿರುವ ಚಿತ್ರಕಲಾವಿದೆ ಜಂಗ್ ಉನ್ಹೇ ಅವರದು. ದೂರವಿಟ್ಟ ತಂಗಿಯ ನೆನಪಾದಾಗಲೆಲ್ಲ ಅಕ್ಕ ಬರೆದಿಟ್ಟ ಚಿತ್ರಗಳು ತಂಗಿಗೆ ಸಿಗುವ ದೃಶ್ಯ ಕಣ್ಣೀರನ್ನು ಕೇಳಿ ಪಡೆಯುವುದಿಲ್ಲ.

ಎಲ್ಲವೂ ಹೀಗೆಯೇ ಇದೆಯೆಂದಲ್ಲ. ಶಾಲಾಬಾಲೆ ಗರ್ಭಿಣಿಯಾಗುವ ಕಥೆಯಲ್ಲಿ ಹಗೆಗಳಾದ ಇಬ್ಬರು ತಂದೆಯರು ಒಂದಾಗುವ ಬಗೆ ಅವಸರದ್ದು. ಅಳು ಕೆಲವೆಡೆ ಹೆಚ್ಚಾಯಿತು. ದ್ವೀಪದ ಕಡಲು ಆಗಾಗ ಪ್ರವಾಸೋದ್ಯಮದ ಚಿತ್ರಪಟದಷ್ಟು ನೀಲಿ.

ಆದರೂ ಇದನ್ನು ಈ ಪತ್ರಿಕೆಯಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ಕಥೆ ಬರೆಯುವಾಗ ಮನೆಯ ‘ಅವ್ವ’ ಹಾಳೆಯ ಮೇಲೆ ‘ತಾಯಿಯವರು’ ಆಗುತ್ತಾಳೆ. ‘ಎಲ್ಲಿ ಹೊಂಟಿ?’ ಎಂದು ಕೇಳಬೇಕಾದ ಅಜ್ಜಿ ‘ಎಲ್ಲಿಗೆ ಹೋಗುತ್ತಿರುವೆ?’ ಎನ್ನುತ್ತಾಳೆ. ಮರಾಠಿಯಿಂದ ಬಂದ ಪದವನ್ನಂತೂ ಮೂರು ಸಲ ಗೀಚಿ ಅಳಿಸಿರುತ್ತಾರೆ. ಕೇಳಿದರೆ, ಬೆಂಗಳೂರಿನವರಿಗೆ ತಿಳಿಯಬೇಕಲ್ಲ ಸರ್ ಎಂಬ ಉತ್ತರ. ಕನ್ನಡ ಮರಾಠಿ ಎರಡರಲ್ಲೂ ಓದಿ ಬೆಳೆದ ನನಗೆ ಈ ಅಂಜಿಕೆ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಜತ್ತದ ನೆರೆಯ ಮಾಣದೇಶದ ಆಡುಮಾತನ್ನು ವ್ಯಂಕಟೇಶ ಮಾಡಗೂಳಕರರ ‘ಬನಗರವಾಡಿ’ ಮುಚ್ಚಿಡಲಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ತಿಳಿಯುವುದಿಲ್ಲವೆಂದು ಗೊಣಗಿದವರು ಬಹಳ; 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಆ ಕಾದಂಬರಿಗೇ. ಜೇಜುವಿನ ಮುದುಕಿಯ ಮಾತಿಗೆ ಅಡಿಬರಹ ಓದುವ ತಾಳ್ಮೆ ಸಿಯೋಲಿನ ವೀಕ್ಷಕರಿಗೂ ನಿಮಗೂ ಇದೆಯೆಂದಾದರೆ, ನಿಮ್ಮ ಅಜ್ಜಿಯ ಮಾತನ್ನು ಓದುವ ತಾಳ್ಮೆ ಬೆಂಗಳೂರಿಗೆ ಇರಲಾರದೆಂದು ಮೊದಲೇ ತೀರ್ಮಾನಿಸುವುದೇಕೆ?

ಮುಂದಿನ ಸಂಚಿಕೆಗೆ ಕಥೆಗಳನ್ನು ಆಹ್ವಾನಿಸಿದ್ದೇವೆ. ಅವ್ವನನ್ನು ಅವ್ವನಾಗಿಯೇ ಕಳುಹಿಸಿ. ಕಠಿಣವೆನಿಸುವ ಪದಗಳಿಗೆ ಅರ್ಥವನ್ನು ಪುಟದ ಅಡಿಯಲ್ಲಿ ನಾವೇ ಅಚ್ಚುಹಾಕಿಕೊಳ್ಳುತ್ತೇವೆ.