ಕ್ಯಾಸಲ್‌ರಾಕಿನ ಸುಂಕದ ಕಟ್ಟೆ

ಅಡಿಕೆಯ ಧಾರಣೆ ಇಳಿದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಒಂದೇ ಕೂಗು ಕೇಳಿಬರುತ್ತದೆ: ಗಡಿ ಮುಚ್ಚಿ, ಹೊರಗಿನ ಅಡಿಕೆ ತಡೆಯಿರಿ. ಮುಂಡಗೋಡ ತಾಲೂಕಿನಲ್ಲಿ ಎರಡು ಎಕರೆ ತೋಟ ಇಟ್ಟುಕೊಂಡಿರುವ ನನ್ನ ಭಾವಮೈದುನ ಕಳೆದ ಬಾರಿ ಮನೆಗೆ ಬಂದಾಗ ಚಹದ ಲೋಟ ಕೆಳಗಿಡುವ ಮೊದಲೇ ಕೇಳಿದ: "ಭಾವಾ, ನೀವು ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವರು. ದೇಶ ದೇಶಗಳ ನಡುವಿನ ಈ ವ್ಯಾಪಾರ ಒಪ್ಪಂದಗಳಿಂದ ನಮ್ಮಂಥವರಿಗೆ ಬಂದದ್ದೇನು?" ಪಠ್ಯಪುಸ್ತಕದ ಉತ್ತರ ನನ್ನ ಬಾಯಲ್ಲಿತ್ತು. ಆದರೆ ಅವನ ಮುಖ ನೋಡಿ ಅದನ್ನು ನುಂಗಿಕೊಂಡೆ. ಆ ದಿನ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಆರಂಭವಾಗುವುದು ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ರೈಲು ನಿಲ್ದಾಣದಿಂದ. ಒಂಬತ್ತನೆಯ ತರಗತಿಯ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಸುತ್ತ ದಟ್ಟ ಕಾಡು, ಮುಂದೆ ದೂಧಸಾಗರದ ಕಡೆಗೆ ಇಳಿಯುವ ಘಟ್ಟ. 1961ರ ಡಿಸೆಂಬರ್ ತನಕ ಈ ಘಟ್ಟದ ಆಚೆಗೆ ಇದ್ದದ್ದು ಪೋರ್ಚುಗೀಸರ ಗೋವೆ, ಸಾಮಾನುಗಳ ಸುಂಕದ ತಪಾಸಣೆ ನಡೆಯುತ್ತಿದ್ದುದು ಇಲ್ಲಿಯೇ ಎಂದು ವಿವರಿಸುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಸರ್, ಇಷ್ಟು ಕಾಡಿನಲ್ಲಿ ಗಡಿ ಎಲ್ಲಿದೆ ಎಂದು ಜನರಿಗೆ ಹೇಗೆ ತಿಳಿಯುತ್ತಿತ್ತು?" ನಾನು ನಕ್ಕು ಮುಂದೆ ನಡೆದೆ. ಅದು ಸುಂಕದವರಿಂದ ಮಾತ್ರ ತಿಳಿಯುತ್ತಿತ್ತು ಎಂಬ ಉತ್ತರ ಹೊಳೆದದ್ದು ನಿವೃತ್ತಿಯಾದ ಮೇಲೆ, ಹಳೆಯ ಇತಿಹಾಸ ಗ್ರಂಥಗಳನ್ನು ಬಿಡುವಾಗಿ ಓದತೊಡಗಿದಾಗ.

ಆಗ ತಿಳಿದ ಸಂಗತಿಯೊಂದು ನನ್ನನ್ನು ಚಕಿತಗೊಳಿಸಿತು. ಇಂದು ಯುರೋಪಿನವರು ಹೆಮ್ಮೆಯಿಂದ ಹೇಳಿಕೊಳ್ಳುವ ಸುಂಕ ಒಕ್ಕೂಟ ನಮ್ಮ ಈ ಘಟ್ಟದ ಮೇಲೆ ನೂರ ನಲವತ್ತು ವರ್ಷಗಳ ಹಿಂದೆಯೇ ನಡೆದುಹೋಗಿತ್ತು. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಲಿಸ್ಬನ್ನಿನಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಬ್ರಿಟಿಷ್ ಇಂಡಿಯಾ ಮತ್ತು ಗೋವೆಯ ನಡುವಿನ ಸುಂಕದ ಕಟ್ಟೆಗಳನ್ನು ತೆಗೆಯುವುದು, ಹೊರಗಿನ ಸರಕಿಗೆ ಎರಡೂ ಕಡೆ ಒಂದೇ ಸುಂಕ ವಿಧಿಸುವುದು, ಮುರಗಾಂವ್ ಬಂದರಿನಿಂದ ಘಟ್ಟದ ಮೇಲಿನವರೆಗೆ ರೈಲು ಹಾಕುವುದು. ಕೇಳಲು ಎಷ್ಟು ಚೆನ್ನ! ಅದರ ಜೊತೆಗೆ ಇನ್ನೊಂದು ಷರತ್ತು ಇತ್ತು. ಗೋವೆಯ ಉಪ್ಪಿನ ಮೇಲಿನ ಹತೋಟಿ ಬ್ರಿಟಿಷರಿಗೆ. ಅದಕ್ಕೆ ಪ್ರತಿಯಾಗಿ ಗೋವೆಯ ಸರಕಾರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ.

ಗಮನಿಸಿ, ಹಣ ಸಿಕ್ಕಿದ್ದು ಸರಕಾರಕ್ಕೆ, ಕೆಲಸ ಹೋದದ್ದು ಉಪ್ಪಿನ ಗದ್ದೆಯವನಿಗೆ. ತಲೆಮಾರುಗಳಿಂದ ಎತ್ತುಗಳ ಬೆನ್ನೇರಿ ಘಟ್ಟ ಹತ್ತಿ ಬರುತ್ತಿದ್ದ ಗೋವೆಯ ಉಪ್ಪಿಗೆ ಬ್ರಿಟಿಷ್ ತೆರಿಗೆಯ ಭಾರ ಬಿತ್ತು. ಉತ್ಪಾದನೆಗೆ ಕಟ್ಟುಪಾಡು ಬಂತು. ಸಮುದ್ರದ ದಂಡೆಯಲ್ಲೇ ವಾಸಿಸುವ ಬಡವ ಉಪ್ಪಿಗೆ ಹೆಚ್ಚು ಬೆಲೆ ತೆರುವಂತಾಯಿತು. ಸಾಲದೆಂಬಂತೆ 1882ರಲ್ಲಿ ಬ್ರಿಟಿಷ್ ಸರಕಾರ ತನ್ನ ಆಮದು ಸುಂಕಗಳಲ್ಲಿ ಬಹುಪಾಲನ್ನು ರದ್ದುಗೊಳಿಸಿತು. ಒಂದೇ ಸುಂಕ ಎಂದು ಸಹಿ ಹಾಕಿದ ಚಿಕ್ಕ ಪಾಲುದಾರನ ಬೊಕ್ಕಸವೂ ಆ ಹೊಡೆತಕ್ಕೆ ಸಿಕ್ಕಿತು. ರೈಲಾದರೂ ನೆರವಿಗೆ ಬಂತೇ? ಘಟ್ಟದ ಹಳಿ ಗಡಿ ಮುಟ್ಟುವ ಹೊತ್ತಿಗೆ 1888 ಆಗಿತ್ತು. ಒಪ್ಪಂದದ ಅವಧಿ 1892ಕ್ಕೆ ತೀರಿತು, ಬ್ರಿಟಿಷರು ಮುಂದುವರಿಸಲಿಲ್ಲ. ಸುಂಕದ ಕಟ್ಟೆಗಳು ಮತ್ತೆ ಎದ್ದು ನಿಂತವು. ರೈಲು ಉಳಿಯಿತು.

ಹಾಗಾದರೆ ಗಡಿ ಮುಚ್ಚುವುದೇ ಲೇಸೇ? ಅದನ್ನೂ ಈ ಕ್ಯಾಸಲ್‌ರಾಕ್ ಕಂಡಿದೆ. ಗೋವೆಯ ವಿಮೋಚನೆಯ ಹೋರಾಟ ಕಾವೇರಿದಾಗ, 1955ರಲ್ಲಿ, ಭಾರತ ಸರಕಾರ ಆರ್ಥಿಕ ದಿಗ್ಬಂಧನ ವಿಧಿಸಿತು, ಘಟ್ಟದ ರೈಲು ಸಂಚಾರ ನಿಂತಿತು. ಆ ನಿರ್ಧಾರದ ಉದ್ದೇಶ ಬೇರೆ, ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಜೋಯಿಡಾದ ಕೊಂಕಣಿ ಮನೆಗಳಿಗೆ ಆಚೆಯವರು ಪರಕೀಯರಲ್ಲ, ಬೀಗರು. ಬೀಗರ ಊರಿನ ದಾರಿ ಆರು ವರ್ಷ ಮುಚ್ಚಿದ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಈಗ ಇಂದಿನ ಮಾತಿಗೆ ಬರೋಣ. ಶ್ರೀಲಂಕೆಯೊಡನೆ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು, ದಕ್ಷಿಣ ಏಷ್ಯಾದ ಸಾಫ್ಟಾ 2006ರಲ್ಲಿ, ಆಸಿಯಾನ್ ರಾಷ್ಟ್ರಗಳೊಡನೆಯದು 2010ರಲ್ಲಿ. ನೆರೆಯವರೊಡನೆ ಬಾಗಿಲು ತೆರೆದದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಬೇರೆಯವರ ಸರಕು ನೆರೆಯವರ ಹೆಸರಿನಲ್ಲಿ ಒಳಬರುವುದಕ್ಕೆ. ವಿಯೆಟ್ನಾಮಿನ ಕರಿಮೆಣಸು ಶ್ರೀಲಂಕೆಯದೆಂದೂ, ಇಂಡೋನೇಷ್ಯಾದ ಅಡಿಕೆ ಇನ್ನೊಂದು ದೇಶದ್ದೆಂದೂ ಬರುತ್ತಿದೆಯೆಂಬ ದೂರು ವರ್ಷಗಳಿಂದ ಇದೆ. ಮೂಲ ದೇಶದ ಪ್ರಮಾಣಪತ್ರ ಒಂದು ಹಾಳೆ. ಅದನ್ನು ಪರೀಕ್ಷಿಸುವವನು ಗಟ್ಟಿಯಿಲ್ಲದಿದ್ದರೆ ಒಪ್ಪಂದದ ನ್ಯಾಯವೂ ಆ ಹಾಳೆಯಷ್ಟೇ ತೆಳು. ಸರಕಾರ 2017ರಲ್ಲಿ ಕರಿಮೆಣಸಿಗೆ ಕಿಲೋಗೆ 500 ರೂಪಾಯಿ, 2023ರಲ್ಲಿ ಅಡಿಕೆಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಮಾಡಿತು. ಅದು ಸರಿಯಾದ ಕ್ರಮವೇ. ಆದರೆ ಗೋಡೆ ಎತ್ತರವಾದಷ್ಟೂ ಕಳ್ಳದಾರಿಗೆ ಲಾಭ ಹೆಚ್ಚು, ಕಳ್ಳಸಾಗಣೆಯ ಅಡಿಕೆ ಹಿಡಿದ ಸುದ್ದಿ ಆಗಾಗ ಬರುತ್ತಲೇ ಇದೆ.

ದಾಂಡೇಲಿಯ ಕಥೆ ಇನ್ನೂ ಗೋಜಲಿನದು. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೇ ಆ ಊರನ್ನು ಊರಾಗಿಸಿತು. ಆಸಿಯಾನ್ ದೇಶಗಳ ಕಾಗದದ ಮೇಲಿನ ಸುಂಕ 2014ರ ಜನವರಿಯಿಂದ ಸೊನ್ನೆಗೆ ಇಳಿದಿದೆ, ದೇಶದ ಕಾಗದ ಉದ್ಯಮಿಗಳು ಇದನ್ನು ವಿರೋಧಿಸುತ್ತ ಬಂದಿದ್ದಾರೆ. ಕಾರ್ಖಾನೆಯ ಕಾರ್ಮಿಕರ ಮಕ್ಕಳು ನನ್ನ ವಿದ್ಯಾರ್ಥಿಗಳು, ಅವರ ಆತಂಕ ನನ್ನದೂ ಹೌದು. ಆದರೆ ಜೂನ್ ತಿಂಗಳಲ್ಲಿ ನೋಟ್‌ಬುಕ್ ಕೊಳ್ಳಲಾಗದೆ ಹಳೆಯ ಪುಸ್ತಕದ ಖಾಲಿ ಹಾಳೆಗಳನ್ನು ಹೊಲಿದು ತರುತ್ತಿದ್ದ ಹಳಿಯಾಳದ ಕಡೆಯ ಮಕ್ಕಳೂ ನನ್ನ ವಿದ್ಯಾರ್ಥಿಗಳೇ. ಕಾಗದ ಅಗ್ಗವಾದರೆ ಅವರಿಗೆ ಲಾಭ. ಇಬ್ಬರಲ್ಲಿ ಯಾರ ಪರ ನಿಲ್ಲಲಿ?

2019ರ ನವೆಂಬರಿನಲ್ಲಿ ಭಾರತ ಆರ್‌ಸಿಇಪಿ ಒಪ್ಪಂದದಿಂದ ಹೊರಗುಳಿದಾಗ ನಾನೂ ಸಂತೋಷಪಟ್ಟವನೇ. ಇಂದು ಅಷ್ಟು ಸುಲಭವಾಗಿ ಸಂತೋಷಪಡಲಾರೆ. ಒಪ್ಪಂದ ಬೇಕೋ ಬೇಡವೋ ಎಂಬ ಪ್ರಶ್ನೆಗಿಂತ ಲಿಸ್ಬನ್ನಿನಲ್ಲಿ ಯಾರೂ ಕೇಳದ ಪ್ರಶ್ನೆ ನನಗೆ ಮುಖ್ಯ: ಉಪ್ಪಿನ ಗದ್ದೆಯವನಿಗೆ ನೀವು ಏನು ಕೊಡುವಿರಿ? ಸುಂಕ ಇಳಿಸುವ ಮುನ್ನ ಆ ಬೆಳೆಯ ತಾಲೂಕುಗಳಲ್ಲಿ ಅಹವಾಲು ಕೇಳಲಿ. ಇಳಿಸಿದ ಮೇಲೆ ನಷ್ಟ ಹೊಂದಿದವನಿಗೆ ನಿಶ್ಚಿತ ಅವಧಿಯ ನೆರವು ಒಪ್ಪಂದದ ಜೊತೆಯಲ್ಲೇ ಘೋಷಣೆಯಾಗಲಿ. ಗೋವೆಯ ನಾಲ್ಕು ಲಕ್ಷದಂತೆ ಅದು ಬೊಕ್ಕಸದಲ್ಲೇ ಕರಗದಿರಲಿ. ಆಸಿಯಾನ್ ಒಪ್ಪಂದವನ್ನು ಮರುಪರಿಶೀಲಿಸಲು 2023ರಲ್ಲಿ ಉಭಯ ಪಕ್ಷಗಳೂ ಒಪ್ಪಿವೆ, ಮಾತು ಆಡಬೇಕಾದ ಹೊತ್ತು ಇದೇ.

ಇಷ್ಟನ್ನು ದೂರವಾಣಿಯಲ್ಲಿ ಹೇಳಿದಾಗ ಭಾವಮೈದುನ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳುವವರು ಯಾರು ಭಾವಾ?" ಎಂದ. ಅರ್ಜಿ ನಾನು ಬರೆಯುತ್ತೇನೆ, ಐದು ವರ್ಷದ ಮಾರಾಟದ ಪಟ್ಟಿ ನೀನು ಹುಡುಕಿ ತಾ ಎಂದಿದ್ದೇನೆ. ಬರುವ ಭಾನುವಾರ ಬರುತ್ತಾನಂತೆ.