ಕೆರೆಯ ಮೀನು ಯಾರಿಗೆ ಬೇಡ?

ಈಚೆಗೆ ನಮ್ಮ ವಿದ್ಯಾವಂತ ವರ್ಗದಲ್ಲಿ ಒಂದು ಹೊಸ ವ್ರತ ಹುಟ್ಟಿಕೊಂಡಿದೆ. ಪರದೇಶದ ಅಡುಗೆಯನ್ನು ಮನೆಯಲ್ಲಿ ಮಾಡುವುದು. ಮಾಡುವುದಾದರೆ ಎಳ್ಳಷ್ಟೂ ವ್ಯತ್ಯಾಸವಾಗದಂತೆ ಮಾಡುವುದು. ಅಮೆರಿಕದಲ್ಲಿ ನೆಲೆಸಿದ ಇಟಲಿಯವರ ‘ಚೊಪ್ಪೀನೊ’ ಎಂಬ ಮೀನಿನ ಸಾರು ಈ ವ್ರತದ ಈಚಿನ ದೇವತೆ. ತುರುವೇಕೆರೆಯ ಕಡೆಯಿಂದ ಬೆಂಗಳೂರು ಸೇರಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಮಾಡಿದ ಬಗೆಯನ್ನು ಹೇಳಿದ: ಮಂಜುಗಡ್ಡೆಯಲ್ಲಿ ಬಂದ ಚಿಪ್ಪುಮೀನು, ಸಮುದ್ರದ ಸೀಗಡಿ, ಸೀಸೆಯ ದ್ರಾಕ್ಷಾರಸ, ಹುಳಿ ಬ್ರೆಡ್ಡು, ಹೀಗೆ. ‘ಮಲ್ಲಾಘಟ್ಟದ ಕೆರೆ ಮೀನಿನಲ್ಲೇ ಮಾಡಬಹುದಿತ್ತಲ್ಲಪ್ಪ?’ ಎಂದೆ. ‘ಕೆರೆ ಮೀನು ಹಾಕಿದರೆ ಅದು ಚೊಪ್ಪೀನೊ ಆಗೋದಿಲ್ಲ ಸಾರ್’ ಎಂದ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ‘ಮೀನೆಂಬುದೇ ನಮ್ಮ ತೆಂಗಿನ ಸೀಮೆಯ ಸಂಸ್ಕೃತಿಯಲ್ಲ, ಬಿಡಿ’ ಎಂದು ತೀರ್ಪಿತ್ತರು.

ಒಬ್ಬರಿಗೆ ಕೆರೆಯ ಮೀನು ಪರದೇಶಕ್ಕೆ ಸಾಲದು. ಇನ್ನೊಬ್ಬರಿಗೆ ಸ್ವದೇಶಕ್ಕೆ ಸಲ್ಲದು. ಈ ಎರಡು ಮಾತುಗಳೂ ತಪ್ಪೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಚೊಪ್ಪೀನೊ ವಿಚಾರ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಜಿನೋವಾ ಸೀಮೆಯಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೊಟ್ಟೆಪಾಡಿಗಾಗಿ ಹೋದ ಮೀನುಗಾರರ ಅಡುಗೆ ಅದು. ಅವರ ತವರಿನಲ್ಲಿ ‘ಚುಪ್ಪಿನ್’ ಎಂಬ ಬಡವರ ಮೀನುಸಾರು ಇತ್ತು. ಹೆಸರೂ ಅದರಿಂದಲೇ ಬಂತೆನ್ನುತ್ತಾರೆ. ಹೊಸ ಊರಿನ ಕಡಲಿನಲ್ಲಿ ತವರಿನ ಮೀನು ಸಿಕ್ಕಲಿಲ್ಲ. ಅವರು ಅಳುತ್ತ ಕೂರಲಿಲ್ಲ. ಅಲ್ಲಿ ಹೇರಳವಾಗಿ ಸಿಕ್ಕುವ ದೊಡ್ಡ ಏಡಿಯನ್ನು ಮಡಕೆಗೆ ಹಾಕಿದರು. ಈರುಳ್ಳಿ, ಬೆಳ್ಳುಳ್ಳಿ, ಟೊಮ್ಯಾಟೊ, ಮನೆಯಲ್ಲಿದ್ದ ದ್ರಾಕ್ಷಾರಸ. ಅದರೊಳಗೆ ಆ ದಿನ ಬಲೆಗೆ ಬಿದ್ದದ್ದು. ಇದರ ಬಗ್ಗೆ ಒಂದು ಐತಿಹ್ಯವೂ ಉಂಟು. ಬರಿಗೈಯಲ್ಲಿ ಮರಳಿದ ಮೀನುಗಾರನೊಬ್ಬ ಪಾತ್ರೆ ಹಿಡಿದು ದೋಣಿಯಿಂದ ದೋಣಿಗೆ ಹೋಗುವನಂತೆ, ಒಬ್ಬೊಬ್ಬರೂ ತಮ್ಮ ಪಾಲಿನದು ಒಂದಿಷ್ಟು ಹಾಕುವರಂತೆ, ಕೂಡಿದ್ದೆಲ್ಲ ಬೆಂದು ಸಾರಾಗುವುದಂತೆ. ಕಥೆ ನಿಜವೋ ಕಟ್ಟಿದ್ದೋ, ಅಡುಗೆಯ ಸ್ವಭಾವವನ್ನು ಮಾತ್ರ ಸರಿಯಾಗಿ ಹೇಳುತ್ತದೆ.

ಅಂದಮೇಲೆ ಚೊಪ್ಪೀನೊದ ಶಾಸ್ತ್ರ ಯಾವುದು? ಹತ್ತಿರದ ನೀರಿನಲ್ಲಿ ಇಂದು ಸಿಕ್ಕಿದ್ದನ್ನು ಬೇಯಿಸುವುದೇ ಅದರ ಶಾಸ್ತ್ರ. ಸಾವಿರ ಮೈಲಿಯಾಚೆಯ ಚಿಪ್ಪನ್ನು ಮಂಜುಗಡ್ಡೆಯಲ್ಲಿ ತರಿಸಿ ಪಟ್ಟಿಗೆ ಸರಿಯಾಗಿ ಬೇಯಿಸುವವನು ಪಟ್ಟಿಯನ್ನು ಪಾಲಿಸಿ ಪದ್ಧತಿಯನ್ನು ಮುರಿದಂತಾಯಿತು. ಆ ಜಿನೋವಾದ ಮೀನುಗಾರನನ್ನು ತಂದು ನೊಣವಿನಕೆರೆಯ ಏರಿಯ ಮೇಲೆ ನಿಲ್ಲಿಸಿದ್ದರೆ ಅವನು ಸ್ಯಾನ್ ಫ್ರಾನ್ಸಿಸ್ಕೋದ ಏಡಿಗೆ ಕಾಗದ ಬರೆಯುತ್ತಿರಲಿಲ್ಲ. ಪಂಚೆ ಎತ್ತಿಕಟ್ಟಿ ಕೆರೆಗೆ ಇಳಿಯುತ್ತಿದ್ದ.

ಕೆರೆಗೆ ಇಳಿದವರು ಏನು ಮಾಡುತ್ತಾರೆಂಬುದನ್ನು ನಮ್ಮ ಹಳ್ಳಿಗಳಲ್ಲಿ ನೋಡಬೇಕು. ಮೀನಿನ ಹುರುಪೆ ತೆಗೆದು, ಕಲ್ಲಿನ ಮೇಲೆ ಬೂದಿ, ಉಪ್ಪು ಹಾಕಿ ಲೋಳೆ ಹೋಗುವವರೆಗೆ ಉಜ್ಜುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಟೊಮ್ಯಾಟೊಗಳನ್ನು ಬಾಡಿಸಿ, ಧನಿಯ, ಒಣಮೆಣಸಿನಕಾಯಿ, ಮೆಣಸು, ನಾಲ್ಕೇ ನಾಲ್ಕು ಕಾಳು ಮೆಂತ್ಯ ಹುರಿದು, ನುಣ್ಣಗೆ ಅರೆಯುತ್ತಾರೆ. ಹುಣಸೆಯ ರಸದಲ್ಲಿ ಈ ಖಾರ ಚೆನ್ನಾಗಿ ಕುದಿದು ಹಸಿವಾಸನೆ ಹೋದಮೇಲೆಯೇ ಮೀನು ಬೀಳಬೇಕು. ಬಿದ್ದಮೇಲೆ ಸೌಟು ಆಡಿಸಕೂಡದು. ಬಟ್ಟೆಯಲ್ಲಿ ಮಡಕೆಯ ಕಂಠ ಹಿಡಿದು ಮೆಲ್ಲಗೆ ಕುಲುಕಬೇಕು. ಒಂದೆರಡು ಕುದಿ, ಅಷ್ಟೆ. ಆ ರಾತ್ರಿಯ ಸಾರಿಗಿಂತ ಮರುದಿನ ಬೆಳಿಗ್ಗೆಯ ಸಾರು ಹೆಚ್ಚು ರುಚಿ ಎಂಬುದಕ್ಕೆ ಮುದ್ದೆ ಉಣ್ಣುವವರೆಲ್ಲರ ಸಾಕ್ಷಿಯಿದೆ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅಲ್ಲಿ ದ್ರಾಕ್ಷಾರಸ ಮಾಡುವ ಕೆಲಸವನ್ನು ಇಲ್ಲಿ ಹುಣಸೆ ಮಾಡುತ್ತದೆ. ಅಲ್ಲಿ ಬ್ರೆಡ್ಡು ರಸ ಹೀರುವಂತೆ ಇಲ್ಲಿ ಮುದ್ದೆ ರಸವನ್ನು ಹೊತ್ತು ಗಂಟಲಿಗಿಳಿಯುತ್ತದೆ. ಮೊದಲು ರಸ, ಕೊನೆಗೆ ಮೀನು ಎಂಬ ನಿಯಮ ಎರಡು ಕಡೆಯೂ ಒಂದೇ. ಟೊಮ್ಯಾಟೊ ಅವರದೂ ಅಲ್ಲ, ನಮ್ಮದೂ ಅಲ್ಲ. ಅದೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಹೊರಟು ಲೋಕವನ್ನೆಲ್ಲ ಗೆದ್ದವು. ಶುದ್ಧಿಯ ಲೆಕ್ಕ ಹಿಡಿದರೆ ಜಿನೋವಾದ ಮಡಕೆಯೂ ನಮ್ಮ ಮಡಕೆಯೂ ಒಟ್ಟಿಗೇ ಮೈಲಿಗೆಯಾಗುತ್ತವೆ.

ತೆಂಗಿನ ಸೀಮೆಯೆಂದರೆ ಸಾರಿನ ತುಂಬ ಕಾಯಿಹಾಲು ಎಂದು ಹೊರಗಿನವರು ತಿಳಿಯುತ್ತಾರೆ. ಅದು ಕರಾವಳಿಯ ಮಾತು. ನಮ್ಮಲ್ಲಿ ಕಾಯಿ ಅಟ್ಟ ಸೇರಿ, ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರು ಬತ್ತಿ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಉತ್ತರದ ಸೀಮೆಗಳಿಗೆ ಹೊರಡುತ್ತದೆ. ೨೦೨೫ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ ೧೨,೧೦೦ ರೂಪಾಯಿ. ಆ ವರ್ಷ ಮಾರುಕಟ್ಟೆಯ ಧಾರಣೆ ಅದರ ಎರಡರಷ್ಟನ್ನೂ ದಾಟಿತು. ಕಾಯಿ ನಮಗೆ ಸಾಲ ತೀರಿಸುವ ವಸ್ತು, ಮಗಳ ಮದುವೆಯ ವಸ್ತು. ಆದುದರಿಂದ ನಮ್ಮ ತಾಯಂದಿರು ಮೀನಿನ ಸಾರಿಗೆ ಒಂದು ಹಿಡಿ ಕಾಯಿ ಅರೆದರೆ ಅದೇ ಹೆಚ್ಚು. ಅನೇಕರು ಅದನ್ನೂ ಹಾಕುವುದಿಲ್ಲ. ಈ ಜಿಪುಣತನದಿಂದಲೇ ಆ ಸಾರಿಗೆ ಅದರ ತೆಳುವೂ ಚುರುಕೂ ಬಂದಿವೆ. ತೋಟದ ಅರ್ಥಶಾಸ್ತ್ರ ಮಡಕೆಯ ರುಚಿಯನ್ನು ನಿರ್ಣಯಿಸಿದೆ. ಇದಕ್ಕಿಂತ ‘ಸ್ಥಳೀಯ’ವಾದ ಅಡುಗೆ ಇನ್ನಾವುದು?

ಇನ್ನು ಆ ಹಿರಿಯರ ತೀರ್ಪು: ಮೀನು ನಮ್ಮ ಸಂಸ್ಕೃತಿಯಲ್ಲ ಎಂಬುದು. ಇಲ್ಲಿ ‘ನಮ್ಮ’ ಎಂಬ ಶಬ್ದದ ಮೇಲೆಯೇ ನನ್ನ ತಕರಾರು. ಮೀನು ತಿನ್ನದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಬಹಳವಿವೆ. ಅವರ ಆಚಾರಕ್ಕೆ ನನ್ನ ಗೌರವವಿದೆ. ಆದರೆ ಒಂದು ಮನೆಯ ಆಚಾರವನ್ನು ಇಡೀ ಸೀಮೆಯ ಸಂಸ್ಕೃತಿಯೆಂದು ಕರೆಯುವುದು ಆಚಾರವಲ್ಲ, ಅತಿಕ್ರಮಣ. ಹಳೆಯ ಕನ್ನಡ ಪಾಕಶಾಸ್ತ್ರವೆಂದರೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಎಲ್ಲರೂ ಹೆಸರಿಸುತ್ತಾರೆ. ಹದಿನಾರನೆಯ ಶತಮಾನದ ಆದಿಯ ಆ ಗ್ರಂಥ ಶಾಕಾಹಾರದ್ದು. ಮಂಗರಸ ಜೈನ, ತನ್ನ ಅಡುಗೆಯನ್ನು ತಾನು ಸೊಗಸಾಗಿ ಬರೆದ. ಆದರೆ ಅವನಿಗಿಂತ ಸುಮಾರು ನಾಲ್ಕು ಶತಮಾನ ಹಿಂದೆ, ೧೧೩೦ರ ಆಸುಪಾಸಿನಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂದೇ ಒಂದು ಭಾಗವಿದೆ. ಯಾವ ನೀರಿನಲ್ಲಿ ಯಾವ ಮೀನು, ಅದಕ್ಕೆ ಏನು ಮೇವು, ಗಾಳ ಹಾಕುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ‘ಅನ್ನಭೋಗ’ದಲ್ಲಿ ಮೀನಿನ ಅಡುಗೆಯೂ ಇದೆ. ಕನ್ನಡ ನಾಡನ್ನಾಳಿದ ಚಕ್ರವರ್ತಿಯೇ ಗಾಳ ಹಿಡಿದು ಕುಳಿತಿರುವಾಗ, ಮೀನು ನಮ್ಮ ಸಂಸ್ಕೃತಿಯಲ್ಲವೆನ್ನಲು ನಾವು ಯಾರು?

೨೦೨೪ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ೮೭ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ, ಊಟದಲ್ಲಿ ಬಾಡೂಟವೂ ಇರಲಿ ಎಂಬ ಬೇಡಿಕೆ ಎದ್ದು ದೊಡ್ಡ ಚರ್ಚೆಯಾದುದನ್ನು ವಾಚಕರು ಮರೆತಿರಲಾರರು. ಸಾಹಿತ್ಯಕ್ಕೂ ಬಾಡಿಗೂ ಏನು ಸಂಬಂಧವೆಂದು ಆಗ ಕೆಲವರು ಕೇಳಿದರು. ಸಂಬಂಧವಿದೆ. ಕರಾವಳಿಯ ಮೀನು ಕಾರಂತರ ಕಾದಂಬರಿಗಳ ಮೂಲಕ, ಮಲೆನಾಡಿನ ಹೊಳೆಮೀನು ಕುವೆಂಪು, ತೇಜಸ್ವಿಯವರ ಮೂಲಕ ಕನ್ನಡದ ಮನೆಯೊಳಗೆ ಬಂದವು. ನಮ್ಮ ಬಯಲುಸೀಮೆಯ ಕೆರೆಮೀನಿಗೆ ಆ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಬರಹಕ್ಕೆ ಬಾರದ್ದು ಇಲ್ಲವೆಂದೇ ಲೆಕ್ಕ. ಇಲ್ಲದ್ದನ್ನು ಯಾರು ಬೇಕಾದರೂ ಹಾಳುಮಾಡಬಹುದು.

ಹಾಳಾಗುತ್ತಿದೆ ಎಂಬುದೇ ನನ್ನ ಮುಖ್ಯವಾದ ಮಾತು. ಕೆರೆಮೀನು ಕೆಸರು ವಾಸನೆ ಎಂದು ಮೂಗು ಮುಚ್ಚುವವರಿದ್ದಾರೆ. ನೀರಿನಲ್ಲಿ ಬೆಳೆಯುವ ಕೆಲವು ಪಾಚಿ, ಸೂಕ್ಷ್ಮಜೀವಿಗಳಿಂದ ಆ ವಾಸನೆ ಬರುತ್ತದೆ. ಹುಣಸೆಯ ಹುಳಿ ಅದನ್ನು ತಗ್ಗಿಸುತ್ತದೆಂಬುದನ್ನು ನಮ್ಮ ಅಜ್ಜಿಯರು ಪ್ರಯೋಗಶಾಲೆಯಿಲ್ಲದೆ ಕಂಡುಕೊಂಡಿದ್ದರು. ಆದರೆ ಊರಿನ ಚರಂಡಿಯನ್ನು ಕೆರೆಗೆ ತಿರುಗಿಸಿ ಆಮೇಲೆ ಮೀನನ್ನು ದೂರುವುದು ಯಾವ ನ್ಯಾಯ? ಆ ವಾಸನೆಯನ್ನು ಯಾವ ಹುಣಸೆಯೂ ತೆಗೆಯಲಾರದು.

ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು. ಹೀರಾಲಾಲ್ ಚೌಧರಿಯವರು ೧೯೫೭ರಲ್ಲಿ ಒಡಿಶಾದಲ್ಲಿ ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಅಂದಿನಿಂದ ಗಂಗಾನದಿಯ ಕಡೆಯ ಕಾಟ್ಲಾ, ರೋಹು, ಮೃಗಾಲ್ ಮರಿಗಳು ದೇಶದ ಕೆರೆಕೆರೆಗೂ ಹಂಚಿದವು. ಅದರಿಂದ ಬಡವರಿಗೆ ಮೀನು ಅಗ್ಗವಾಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ೧೯೫೨ರಲ್ಲಿ ಭಾರತಕ್ಕೆ ಬಂದ ಆಫ್ರಿಕದ ತಿಲಾಪಿಯವನ್ನು ನಮ್ಮ ಜನ ‘ಜಿಲೇಬಿ’ಯೆಂದು ಕರೆದು ಸ್ವಂತ ಮಾಡಿಕೊಂಡರು. ಆದರೆ ಗುತ್ತಿಗೆಯ ಕೆರೆಯಲ್ಲಿ ತೂಕಕ್ಕೆ ಬರುವ ಮೀನಿಗೆ ಮಾತ್ರ ಬೆಲೆ. ೨೦೦೦ದಲ್ಲಿಯೇ ಕೇಂದ್ರ ಸರ್ಕಾರ ನಿಷೇಧಿಸಿದ ಆಫ್ರಿಕದ ಕ್ಯಾಟ್‌ಫಿಶ್ ಕೂಡ ಕದ್ದು ನಮ್ಮ ನೀರಿಗೆ ಬಂದು, ಸಣ್ಣದನ್ನೆಲ್ಲ ನುಂಗುತ್ತದೆ. ಪಕ್ಕೆ, ಕೊರವ, ಚೇಳುಮೀನು, ಹಾವುಮೀನು, ಕೆರೆಯ ಸೀಗಡಿ, ಗದ್ದೆಯ ಏಡಿ, ಇವು ಕೂಡಿದ ಬೆರಕೆ ಸಾರೇ ನಮ್ಮ ನಿಜವಾದ ಚೊಪ್ಪೀನೊ. ಅದನ್ನು ಮಾಡಲು ಮಡಕೆಯಿದೆ, ಹುಣಸೆಯಿದೆ, ಕೈಯ ಹದವಿದೆ; ಮೀನು ಮಾತ್ರ ಅಪರೂಪವಾಗುತ್ತಿದೆ.

ಕನ್ನಡದ ಮೇಷ್ಟ್ರಾದ ನನಗೆ ಇದರಲ್ಲಿ ಇನ್ನೂ ಒಂದು ನಷ್ಟ ಕಾಣುತ್ತದೆ. ತರಗತಿಯಲ್ಲಿ ಒಮ್ಮೆ, ನಿಮ್ಮ ಊರಿನ ಕೆರೆಯ ಮೀನುಗಳ ಹೆಸರು ಬರೆಯಿರಿ ಎಂದೆ. ರೈತರ ಮಕ್ಕಳೇ ಹೆಚ್ಚಾಗಿದ್ದ ಆ ತರಗತಿಯಲ್ಲಿ ಬಹುಪಾಲು ಹಾಳೆಗಳಲ್ಲಿ ಎರಡು ಹೆಸರು: ಕಾಟ್ಲಾ, ಜಿಲೇಬಿ. ಒಬ್ಬಳು ಮಾತ್ರ ತನ್ನ ಅಜ್ಜನನ್ನು ಕೇಳಿಕೊಂಡು ಬಂದು ಮರುದಿನ ಹನ್ನೊಂದು ಹೆಸರು ಬರೆದುಕೊಟ್ಟಳು. ಅವುಗಳಲ್ಲಿ ಮೂರನ್ನು ನಾನೂ ಕೇಳಿರಲಿಲ್ಲ. ಹಳಗನ್ನಡದ ಸತ್ತ ಶಬ್ದಕ್ಕೆ ವ್ಯುತ್ಪತ್ತಿ ಹುಡುಕುವ ನಾವು, ಕೆರೆಯಂಚಿನಲ್ಲಿ ಇನ್ನೂ ಉಸಿರಾಡುತ್ತಿರುವ ಶಬ್ದವನ್ನು ಬರೆದಿಟ್ಟುಕೊಳ್ಳಲಾರೆವೆ?

ಗೊರೂರಿನಿಂದ ಹೇಮಾವತಿಯ ನೀರು ನಾಲೆಯಲ್ಲಿ ಬಂದು ನಮ್ಮ ಎಷ್ಟೋ ಕೆರೆಗಳನ್ನು ತುಂಬಿಸುತ್ತದೆ. ನೀರಿಗಾಗಿ ನಾವು ಹೋರಾಡಿದ್ದೇವೆ, ಕೊಬ್ಬರಿಯ ಬೆಲೆಗಾಗಿ ಬೀದಿಗಿಳಿದಿದ್ದೇವೆ. ಆ ನೀರಿನೊಳಗಿನ ಜೀವಕ್ಕಾಗಿ ಯಾರೂ ಬಾಯಿ ಬಿಟ್ಟಿಲ್ಲ. ನಾನು ಕೇಳುವುದು ದೊಡ್ಡದೇನೂ ಅಲ್ಲ. ಗುತ್ತಿಗೆ ಕೊಡುವವರು ಪ್ರತಿ ಹೋಬಳಿಯಲ್ಲಿ ಒಂದಾದರೂ ಕೆರೆಯನ್ನು ಹೊರಗಿನ ಮರಿ ಬಿಡದೆ ನಾಟಿ ಮೀನಿಗೆ ಉಳಿಸಲಿ. ನೀರು ಬತ್ತುವ ಕಾಲದಲ್ಲಿ ಅದಕ್ಕೆ ಇಳಿಯುವ ಹಕ್ಕು ಊರವರೆಲ್ಲರಿಗೂ ಇರಲಿ. ಚರಂಡಿಯ ಮುಖವನ್ನು ಕೆರೆಯಿಂದ ಬೇರೆ ಕಡೆಗೆ ತಿರುಗಿಸಲಿ. ಕಾಲೇಜುಗಳ ಕನ್ನಡ ವಿಭಾಗಗಳು ಮೀನಿನ ಹೆಸರುಗಳನ್ನು ಸಂಗ್ರಹಿಸಲಿ.

ಇನ್ನು ಚೊಪ್ಪೀನೊ ವ್ರತಸ್ಥರಿಗೆ ಒಂದು ಮಾತು. ಅದನ್ನು ಮಾಡಬೇಡಿರೆಂದು ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿರೆಂದು ಹೇಳುತ್ತೇನೆ. ಮುಂದಿನ ಸಲ ಊರಿಗೆ ಬಂದಾಗ ಕೆರೆ ಏರಿಯ ಮೇಲೆ ಬುಟ್ಟಿಯಿಟ್ಟು ಕುಳಿತವರಿಂದ ಸಣ್ಣ ಮೀನು ಕೊಳ್ಳಿ, ಹೆಸರು ಕೇಳಿ ತಿಳಿದುಕೊಳ್ಳಿ, ಬೂದಿಯಲ್ಲಿ ಉಜ್ಜಿ. ದ್ರಾಕ್ಷಾರಸ ಹಾಕುತ್ತೀರೋ ಹುಣಸೆ ಕಿವುಚುತ್ತೀರೋ ನಿಮಗೆ ಬಿಟ್ಟದ್ದು. ಸೌಟು ಮಾತ್ರ ಆಡಿಸಬೇಡಿ.