ಅರ್ಧ ಹೂವಿನ ಪೊದೆ

ಎಸಳುಗಳೆಲ್ಲ ಒಂದೇ ಬದಿಗೆ ಬೀಸಣಿಗೆಯಂತೆ ಹರಡಿ, ಯಾರೋ ಅರ್ಧ ಕಿತ್ತಂತೆ ಕಾಣುವ ಹೂವಿದೆ, ಗೊತ್ತೇ? ಅದು ಸ್ಕೇವೊಲ ಟಕಾಡ, ಹವಾಯಿಯವರ ‘ನೌಪಾಕ’. ಲಕ್ಷದ್ವೀಪದಿಂದ ಹವಾಯಿಯವರೆಗೆ ದ್ವೀಪಗಳ ಮರಳುದಂಡೆಯಲ್ಲಿ ಬೆಳೆಯುವ ಪೊದೆ.

ಇದರ ಬಿಳಿ ಹಣ್ಣು ಬೆಂಡಿನಂತೆ ತೇಲುತ್ತದೆ. ಬೀಜ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೆಡದು. 1883ರಲ್ಲಿ ಇಂಡೋನೇಷ್ಯದ ಕ್ರಾಕಟೋವ ಜ್ವಾಲಾಮುಖಿ ಸಿಡಿದು, ಉಳಿದ ನೆಲವೂ ಬೂದಿಯಲ್ಲಿ ಹೂತುಹೋಯಿತು. 1886ರಲ್ಲಿ ಸಸ್ಯವಿಜ್ಞಾನಿ ಟ್ರೂಬ್ ಅಲ್ಲಿಗೆ ಹೋದಾಗ ದಂಡೆಯಲ್ಲಿ ಕಂಡ ಕೆಲವೇ ಗಿಡಗಳಲ್ಲಿ ಇದೂ ಒಂದು!

ತವರಿನಲ್ಲಿ ಇದು ಮರಳನ್ನು ಹಿಡಿದಿಡುತ್ತದೆ. ಅದಕ್ಕೆಂದೇ ಅಮೆರಿಕದ ಫ್ಲಾರಿಡದಲ್ಲಿ ತಂದು ನೆಟ್ಟರು. ಅಲ್ಲಿ ಈಗ ಅದು ಹಬ್ಬಿಕೊಂಡು, ಸ್ಥಳೀಯ ಸೋದರ ಜಾತಿಯಾದ ಸ್ಕೇವೊಲ ಪ್ಲುಮೀರಿಯನ್ನೇ ಒತ್ತರಿಸುತ್ತಿದೆ.

ಮಕ್ಕಳೇ, ವನಮಹೋತ್ಸವಕ್ಕೆ ಸಸಿ ಆರಿಸುವಾಗ ‘ಇದರ ತವರು ಯಾವುದು?’ ಎಂದು ಮೊದಲು ಕೇಳಿ.